ಕೂಸಿನ ಮಾತಿಗೆ ಮರುಮಾತು

(ಖರಾಡಿಯಲ್ಲಿ ಸೇರಿದ್ದ ಸಂಘದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೊರನಾಡಿನ ಮಕ್ಕಳ ಕನ್ನಡವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಮೊದಲು ಹಿಂಜರಿದೆ. ಈ ವಿಷಯದ ಮೇಲೆ ನಮ್ಮ ಸಂಘಗಳ ವೇದಿಕೆಗಳಲ್ಲಿ ಆಗಿಹೋದ ಭಾಷಣಗಳಿಗೆ ಲೆಕ್ಕವಿಲ್ಲ; ಅವುಗಳಲ್ಲಿ ಕೆಲವನ್ನು ನಾನೇ ಮಾಡಿದ್ದೇನೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನಿಗೆ ಭಾಷಾಭಿಮಾನದ ಮಾತುಗಳು ಬಾಯಿಪಾಠವಾಗಿರುತ್ತವೆ. ಆದರೆ ನಿವೃತ್ತನಾಗಿ ಮಗನ ಮನೆಗೆಂದು ಖರಾಡಿಗೆ ಬಂದ ಮೇಲೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ, ಈ ವಿಷಯದಲ್ಲಿ ನನಗಿದ್ದ ಅನೇಕ ತಿಳಿವಳಿಕೆಗಳನ್ನು ಬುಡಮೇಲು ಮಾಡಿತು. ಅದರಿಂದಲೇ ಆರಂಭಿಸುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನನ್ನ ಮಗ ಇಲ್ಲಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತಾನೆ. ಸೊಸೆ ಸಾತಾರೆಯ ಕಡೆಯವಳು. ಅವಳ ಮನೆಮಾತು ಮರಾಠಿ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳದು ಹಿಂದಿ. ಹೀಗಾಗಿ ಮೊಮ್ಮಗಳು ಕಣ್ಣು ಬಿಟ್ಟದ್ದೇ ಭಾಷೆಗಳ ಸಂತೆಯಲ್ಲಿ. ಎರಡು ವರ್ಷ ನಾಲ್ಕು ತಿಂಗಳಾದರೂ ಅವಳ ಬಾಯಲ್ಲಿ ಹತ್ತು-ಹನ್ನೆರಡು ಶಬ್ದಗಳಿಗಿಂತ ಹೆಚ್ಚಿರಲಿಲ್ಲ. ಕಿವಿಯ ಪರೀಕ್ಷೆ ಮಾಡಿಸಿದೆವು, ಕೇಳಿಸುವುದರಲ್ಲಿ ದೋಷವಿರಲಿಲ್ಲ. (ಮಾತು ತಡವಾದ ಕೂಸಿಗೆ ಮೊದಲು ಮಾಡಿಸಬೇಕಾದುದು ಈ ಪರೀಕ್ಷೆಯನ್ನೇ ಎಂಬುದನ್ನು ಇಲ್ಲಿರುವ ತರುಣ ತಂದೆ-ತಾಯಿಯರು ದಯವಿಟ್ಟು ನೆನಪಿಡಬೇಕು.) ಅವಳನ್ನು ಸೇರಿಸಿದ್ದ ಶಿಶುವಿಹಾರದವರು ಒಂದು ಸಲಹೆ ಕೊಟ್ಟರು: ಇಷ್ಟೊಂದು ಭಾಷೆಗಳಿಂದ ಮಗುವಿಗೆ ಗೊಂದಲವಾಗಿದೆ, ಆದುದರಿಂದ ಮನೆಯಲ್ಲಿ ಎಲ್ಲರೂ ಒಂದೇ ಭಾಷೆಯನ್ನಾಡಿ, ಮುಂದೆ ಶಾಲೆಗೆ ಬೇಕಾಗುವ ಇಂಗ್ಲಿಷನ್ನೇ ಆಡಿ ಎಂದು.

ಕನ್ನಡ ಮಾಸ್ತರನಾದ ನಾನು ಆಗ ಪ್ರತಿಭಟಿಸಬೇಕಾಗಿತ್ತು, ಪ್ರತಿಭಟಿಸಲಿಲ್ಲ. ಕೂಸಿನ ವಿಷಯ ಬಂದಾಗ ಮನುಷ್ಯ ಹೆದರುತ್ತಾನೆ. ಹೆದರಿದವನಿಗೆ ಸಿದ್ಧಾಂತಗಳು ನೆನಪಿಗೆ ಬರುವುದಿಲ್ಲ.

ನಾಲ್ಕು ತಿಂಗಳು ಆ ಸಲಹೆಯನ್ನು ಪಾಲಿಸಿದೆವು. ನನ್ನ ಇಂಗ್ಲಿಷು ವ್ಯಾಕರಣ ಪುಸ್ತಕದ ಇಂಗ್ಲಿಷು. 'ಕಮ್', 'ಈಟ್', 'ಡೋಂಟ್ ಟಚ್', 'ಗುಡ್ ಗರ್ಲ್' ಎಂಬಷ್ಟರಲ್ಲಿ ನನ್ನ ಬೊಕ್ಕಸ ಬರಿದಾಗುತ್ತಿತ್ತು. ಮಗನ ಇಂಗ್ಲಿಷು ಕಚೇರಿಯ ಸಭೆಗಳಿಗೆ ಸರಿಹೊಂದುವಂಥದು. ಅದರಲ್ಲಿ ಕೂಸನ್ನು ರಮಿಸಲು ಬರುವುದಿಲ್ಲ, ಹುಸಿಮುನಿಸು ತೋರಿಸಲು ಬರುವುದಿಲ್ಲ. ಇನ್ನು ನನ್ನ ಹೆಂಡತಿ. "ನಾ ಏನ್ ಮಾತಾಡ್ಲಿ? ನನಗ ಬರೂದs ಒಂದ ಭಾಷಾ" ಎಂದು ಒಂದು ಸಲ ಅಂದವಳು ಆಮೇಲೆ ಸುಮ್ಮನಾಗಿಬಿಟ್ಟಳು. ಕೂಸು ಚೆಂಡು ತಂದು ಅವಳ ಮುಂದೆ ಹಿಡಿದು, ಮುಖ ನೋಡುತ್ತ ನಿಲ್ಲುತ್ತಿತ್ತು. ಅಜ್ಜಿ ನಗುತ್ತಿದ್ದಳು, ತಲೆ ಸವರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೂಸು ಇನ್ನೂ ಸ್ವಲ್ಪ ಹೊತ್ತು ನಿಂತು, ಚೆಂಡು ಅಲ್ಲಿಯೇ ಬಿಟ್ಟು ಹೋಗುತ್ತಿತ್ತು. ಆ ನಾಲ್ಕು ತಿಂಗಳಲ್ಲಿ ನಮ್ಮ ಮನೆಗೆ ಇಂಗ್ಲಿಷು ಬರಲಿಲ್ಲ, ಮಾತೇ ಹೊರಟುಹೋಯಿತು.

ಆಗ ನಾನು ಓದಲು ತೊಡಗಿದೆ. ಕೂಸು ಮಾತು ಕಲಿಯುವ ಬಗೆಯನ್ನು ವಿದ್ವಾಂಸರು ಹೇಗೆ ಅರಿತಿದ್ದಾರೆಂದು ತಿಳಿಯುವ ಹಂಬಲ ಹತ್ತಿತು. ಓದಿದ್ದರಲ್ಲಿ ಮೂರು-ನಾಲ್ಕು ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ.

ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿದುಷಿ ತಮ್ಮ ಸಂಗಡಿಗರೊಡನೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂಬತ್ತು ತಿಂಗಳ ಕೂಸುಗಳು; ಮನೆಯಲ್ಲಿ ಕೇಳುತ್ತಿದ್ದುದು ಇಂಗ್ಲಿಷು ಮಾತ್ರ. ಅವುಗಳಲ್ಲಿ ಕೆಲವನ್ನು ಚೀನೀ ಭಾಷೆಯವರು ಎದುರು ಕೂರಿಸಿಕೊಂಡು, 25 ನಿಮಿಷದಂತೆ 12 ಸಲ, ಆಟಿಕೆಯಾಡಿಸುತ್ತ, ಪುಸ್ತಕ ತೋರಿಸುತ್ತ, ತಮ್ಮ ಭಾಷೆಯಲ್ಲಿ ಮಾತನಾಡಿಸಿದರು. ಇನ್ನು ಕೆಲವು ಕೂಸುಗಳಿಗೆ ಅದೇ ಜನರ ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರು. ಮತ್ತೆ ಕೆಲವಕ್ಕೆ ಧ್ವನಿಯನ್ನಷ್ಟೇ ಕೇಳಿಸಿದರು. ಎದುರು ಕುಳಿತವರಿಂದ ಕೇಳಿದ ಕೂಸುಗಳು ಆ ಭಾಷೆಗೇ ವಿಶಿಷ್ಟವಾದ ಧ್ವನಿಭೇದವನ್ನು, ಅದೇ ಭಾಷೆಯ ನಡುವೆ ಬೆಳೆದ ಕೂಸುಗಳಷ್ಟೇ ಚೆನ್ನಾಗಿ ಗುರುತಿಸಿದವು. ಪರದೆಯಿಂದ ಕೇಳಿದವು ಕಲಿತದ್ದು ಏನೂ ಇಲ್ಲ. ಅದೇ ಮಾತು, ಅದೇ ಧ್ವನಿ, ಅಷ್ಟೇ ಹೊತ್ತು. ವ್ಯತ್ಯಾಸವಿದ್ದದ್ದು ಎದುರಿಗೆ ಮನುಷ್ಯರಿದ್ದರೋ ಇಲ್ಲವೋ ಎಂಬುದರಲ್ಲಿ ಮಾತ್ರ.

ಇದಕ್ಕೂ ಹಿಂದೆ, 1981ರಲ್ಲಿ, ಜಾಕ್ವೆಲಿನ್ ಸ್ಯಾಕ್ಸ್ ಮತ್ತು ಸಂಗಡಿಗರು ಜಿಮ್ ಎಂಬ ಬದಲಿ ಹೆಸರಿನ ಬಾಲಕನೊಬ್ಬನ ವೃತ್ತಾಂತವನ್ನು ಬರೆದರು. ತಂದೆ-ತಾಯಿ ಇಬ್ಬರಿಗೂ ಕಿವಿ ಕೇಳಿಸದು, ಬಾಲಕನಿಗೆ ಕೇಳಿಸುತ್ತಿತ್ತು. ಅವನು ಕೇಳಿದ ಇಂಗ್ಲಿಷಿನಲ್ಲಿ ಹೆಚ್ಚಿನದು ಟೆಲಿವಿಷನ್ನಿನದು. ನಾಲ್ಕು ವರ್ಷ ಸಮೀಪಿಸುತ್ತಿದ್ದಾಗ ಅವನ ಬಾಯಲ್ಲಿ ಶಬ್ದಗಳಿದ್ದವು. ವಾಕ್ಯರಚನೆ ಮಾತ್ರ ವಿಚಿತ್ರವಾಗಿ ಕೆಟ್ಟಿತ್ತು. ಒಬ್ಬ ದೊಡ್ಡವರು ಅವನೊಡನೆ ಕುಳಿತು ಮಾತನಾಡತೊಡಗಿದ ಮೇಲೆ ಅವನು ಬೇಗನೆ ಸುಧಾರಿಸಿದನು. ಟೆಲಿವಿಷನ್ನಿಗೆ ಕೂಸಿನ ಮುಖ ಕಾಣಿಸುವುದಿಲ್ಲವಷ್ಟೆ. ಕೂಸು ಬೆಕ್ಕನ್ನು ನೋಡುತ್ತಿರುವಾಗ ಅದು ರಾಜಕುಮಾರಿಯ ಕಥೆ ಹೇಳುತ್ತಿರುತ್ತದೆ. ಕೂಸು ಏನಾದರೂ ಅಂದರೆ ನಿಂತು ಕೇಳುವುದಿಲ್ಲ.

ಈ ನಿಂತು ಕೇಳುವುದೇ ಮುಖ್ಯ ಸಂಗತಿಯೆಂದು ತೋರುತ್ತದೆ. ಮೈಕೆಲ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಎಂಟು ತಿಂಗಳ ಕೂಸುಗಳ ತೊದಲನ್ನು ಪರೀಕ್ಷಿಸಿ 2003ರಲ್ಲಿ ಬರೆದಿದ್ದಾರೆ. ಕೂಸು 'ಬಾ' ಎಂದೊಡನೆ ತಾಯಿ ನಕ್ಕು, ಹತ್ತಿರ ಸರಿದು, ಮುಟ್ಟಿದರೆ, ಆ ತೊದಲು ಕೆಲವೇ ನಿಮಿಷಗಳಲ್ಲಿ ಮಾತಿನ ಆಕಾರಕ್ಕೆ ಹತ್ತಿರವಾಗುತ್ತದೆ. ಅದೇ ನಗುವನ್ನು, ಅದೇ ಸ್ಪರ್ಶವನ್ನು, ಕೂಸಿನ ದನಿಗೆ ಸಂಬಂಧವಿಲ್ಲದ ಹೊತ್ತಿನಲ್ಲಿ ಕೊಟ್ಟರೆ ಆ ಬದಲಾವಣೆ ಕಾಣುವುದಿಲ್ಲ. ಸೆರಗಿನಲ್ಲಿ ಮುಖ ಮರೆಮಾಡಿ ಫಕ್ಕನೆ ತೆರೆಯುವ ಆಟವನ್ನು ಜೆರೋಮ್ ಬ್ರೂನರ್ ಎಂಬ ಹಿರಿಯ ಮನಶ್ಶಾಸ್ತ್ರಜ್ಞರು ಬಹು ಗಂಭೀರವಾಗಿ ಪರಿಶೀಲಿಸಿದ್ದರು. ನನ್ನ ಸರತಿ, ನಿನ್ನ ಸರತಿ ಎಂಬ ಸಂಭಾಷಣೆಯ ಚೌಕಟ್ಟು ಕೂಸಿನ ಕೈಗೆ ಸಿಗುವುದು ಮಾತಿಗಿಂತ ಮುಂಚೆ, ಇಂಥ ಆಟದಲ್ಲಿ. ನಮ್ಮ ಅಜ್ಜಿಯಂದಿರು ಯಾವ ಪ್ರಬಂಧವನ್ನೂ ಬರೆಯದೆ ಇದನ್ನು ಮಾಡಿಕೊಂಡು ಬಂದಿದ್ದರೆಂದು ಹೆಮ್ಮೆಪಡಬಹುದು. ಆದರೆ ಮಾಡುವುದನ್ನು ಬಿಟ್ಟ ಮೇಲೆ ಬರಿಯ ಹೆಮ್ಮೆ ಉಳಿದರೇನು ಫಲ?

'ಮಮ್ಮು', 'ತಾಚಿ' ಎಂದು ಕೂಸಿನೊಡನೆ ಆಡುವ ಮುದ್ದುಮಾತನ್ನು ಸುಶಿಕ್ಷಿತರು ಇತ್ತೀಚೆಗೆ ನಾಚಿಕೆಯ ವಿಷಯವೆಂದು ತಿಳಿದಂತಿದೆ. ಆದರೆ ಅದರ ಶಾಸ್ತ್ರೀಯ ಅಧ್ಯಯನದ ಮೊದಲ ಹೆಜ್ಜೆಗಳಲ್ಲಿ ಒಂದು ಬಿದ್ದದ್ದು ಮರಾಠಿಯಲ್ಲಿ. ಇಲ್ಲಿಂದ ಊರೊಳಗೆ ಹೋಗುವ ದಾರಿಯಲ್ಲಿ, ಯರವಡಾದಲ್ಲಿ ಸಿಗುವ ಡೆಕ್ಕನ್ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಅಶೋಕ ಕೇಳಕರ ಅವರು 1964ರಲ್ಲಿ ಮರಾಠಿ ಶಿಶುಭಾಷೆಯನ್ನು ಕುರಿತು ಲೇಖನ ಬರೆದರು. ಅದೇ ವರ್ಷ ಚಾರ್ಲ್ಸ್ ಫರ್ಗ್ಯುಸನ್ ಅವರು ಆರು ಭಾಷೆಗಳ ಶಿಶುಭಾಷೆಯನ್ನು ಹೋಲಿಸಿದಾಗ ಮರಾಠಿಯೂ ಅವುಗಳಲ್ಲಿ ಒಂದಾಗಿತ್ತು. ನನ್ನ ಬೀಗಿತ್ತಿ ಮೊಮ್ಮಗಳಿಗೆ 'ಚಿಊ', 'ಮಾಊ' ಎನ್ನುವಾಗ ಅಂಥ ಶಬ್ದಗಳಿಗೆ ಪುಣೆಯ ವಿದ್ವಾಂಸರೊಬ್ಬರು ಮರ್ಯಾದೆ ತಂದಿದ್ದಾರೆಂಬುದು ಆಕೆಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಮುದ್ದುಮಾತೇ ಇಲ್ಲದೆ ಭಾಷೆ ಬಾರದೆಂದು ಮಾತ್ರ ಯಾರೂ ತಿಳಿಯಬಾರದು. ಪಾಪುವಾ ನ್ಯೂಗಿನಿಯ ಕಾಲುಲಿ ಜನರಲ್ಲಿ ಎಳೆಗೂಸನ್ನು ಹೀಗೆ ಮಾತನಾಡಿಸುವ ವಾಡಿಕೆಯೇ ಇಲ್ಲವೆಂದು ಬ್ಯಾಂಬಿ ಶಿಫೆಲಿನ್ ಅವರು ಅಲ್ಲಿದ್ದು ದಾಖಲಿಸಿದರು. ಅಲ್ಲಿಯ ತಾಯಿ ಕೂಸಿನ ಮುಖವನ್ನು ನೆರೆದವರ ಕಡೆಗೆ ತಿರುಗಿಸಿ ಹಿಡಿದು, ಕೂಸಿನ ಪರವಾಗಿ ತಾನೇ ಉಳಿದವರೊಡನೆ ಮಾತನಾಡುತ್ತಾಳೆ. ವಿಧಾನ ಬೇರೆ, ಕೂಸು ಜನರ ನಡುವೆ ಇದೆ ಎಂಬುದು ಬೇರೆಯಲ್ಲ. ಹಾಗೆಯೇ ಎಲ್ಲವೂ ಹೊರಗಿನಿಂದಲೇ ಬರುತ್ತದೆಂದೂ ಅಲ್ಲ. ಕನ್ನಡದ ಮೂರು ವರ್ಷದ ಮಕ್ಕಳ ಮೇಲೆಯೇ ನಡೆದು 2003ರಲ್ಲಿ ಪ್ರಕಟವಾದ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮಾಡು-ಮಾಡಿಸು ಎಂಬಲ್ಲಿ ಬರುವ 'ಇಸು' ಪ್ರತ್ಯಯಕ್ಕಿಂತ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ಮಕ್ಕಳು ಆಧಾರವಾಗಿ ಹಿಡಿದವು. ಕನ್ನಡದಲ್ಲಿ ಹೆಚ್ಚು ಭರವಸೆಯ ಗುರುತು ಪ್ರತ್ಯಯವೇ ಆಗಿದ್ದರೂ ಹೀಗೆ. ಕೂಸು ಗಿಳಿಯಲ್ಲ, ತನ್ನದೇ ಲೆಕ್ಕಾಚಾರವನ್ನು ತಂದುಕೊಂಡೇ ಹುಟ್ಟುತ್ತದೆ. ಆದರೆ ಆ ಲೆಕ್ಕಾಚಾರ ನಡೆಯಲು ಎದುರಿನಲ್ಲಿ ಯಾರಾದರೂ ಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ಸಾಂಗಲಿಯ ಪಕ್ಕದ ಕುಪವಾಡ ಇಂದು ಮಹಾನಗರಪಾಲಿಕೆಯೊಳಗೆ ಸೇರಿಹೋಗಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅದನ್ನು ಕುರಿತು 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾವಿಜ್ಞಾನಿಗಳಲ್ಲಿ ಲೋಕಪ್ರಸಿದ್ಧವಾಗಿದೆ. ಸುಮಾರು ಮೂರು ಸಾವಿರ ಜನರ ಆ ಹಳ್ಳಿಯಲ್ಲಿ ಜೈನರ ಮನೆಗಳಲ್ಲಿ ಕನ್ನಡ, ಮುಸಲ್ಮಾನರ ಮನೆಗಳಲ್ಲಿ ಉರ್ದು, ದಲಿತರ ಮನೆಗಳಲ್ಲಿ ಮರಾಠಿ. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಒಂದಾಗಿತ್ತೆಂದರೆ, ಒಂದರ ಶಬ್ದವನ್ನು ತೆಗೆದು ಅದೇ ಸ್ಥಾನದಲ್ಲಿ ಇನ್ನೊಂದರ ಶಬ್ದವಿಟ್ಟರೆ ವಾಕ್ಯ ಸಿದ್ಧ! ಆದರೂ ಭಾಷೆಗಳು ಬೆರೆತು ಒಂದಾಗಲಿಲ್ಲ. ಹೊಲ-ಸಂತೆಗಳಲ್ಲಿ ಏನೇ ಆಡಿದರೂ, ಹೊಸ್ತಿಲೊಳಗೆ ಬಂಧುಗಳ ನಡುವೆ ತಮ್ಮ ತಮ್ಮ ಭಾಷೆಯನ್ನೇ ಆಡುವ ರೂಢಿ ಗಟ್ಟಿಯಾಗಿ ಉಳಿದದ್ದೇ ಅದಕ್ಕೆ ಕಾರಣವೆಂದು ಆ ವಿದ್ವಾಂಸರು ಕಂಡರು. ಅಲ್ಲಿ ಕನ್ನಡಕ್ಕೆ ಅಭಿಮಾನದ ಕಾವಲಿರಲಿಲ್ಲ, ಅಡಿಗೆಮನೆಯ ಕಾವಲಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕಲಿತದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮಾಸ್ತಿಯವರ ಮನೆಮಾತು ತಮಿಳು. ಮಕ್ಕಳ ಪದ್ಯಕ್ಕೆ ದಾರಿ ಹಾಕಿಕೊಟ್ಟ ಪಂಜೆ ಮಂಗೇಶರಾಯರದು ಕೊಂಕಣಿ. ಇವರಿಗೆ ಕನ್ನಡ ಕೊಟ್ಟದ್ದು ಓಣಿ, ಗೆಳೆಯರು, ಅಂಗಡಿ, ಶಾಲೆಯ ಬಯಲು. ಧಾರವಾಡದ ಓಣಿಯಲ್ಲಿ ಆಡುವ ಹುಡುಗನಿಗೆ ಕನ್ನಡ ಬಾರದಿದ್ದರೆ ಆಟದಲ್ಲಿ ಜಾಗವಿಲ್ಲ. ಖರಾಡಿಯ ನಮ್ಮ ಮಕ್ಕಳಿಗೆ ಓಣಿ ಕೊಡುವುದು ಮರಾಠಿ ಮತ್ತು ಹಿಂದಿಯನ್ನು. ಕೊಡಲಿ, ಅದು ಭಾಗ್ಯವೇ. ಎರಡು-ಮೂರು ಭಾಷೆಗಳಿಂದ ಕೂಸಿನ ಬುದ್ಧಿ ಕಲಕುವುದಿಲ್ಲ. ಮಾಂಟ್ರಿಯಲ್ಲಿನ ದ್ವಿಭಾಷಿಕ ಮನೆಗಳಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳೇ ಯಾರೊಡನೆ ಯಾವ ಭಾಷೆಯೆಂದು ವಿವೇಚಿಸುವುದನ್ನು ಫ್ರೆಡ್ ಜೆನೆಸೀ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದಾರೆ. ಆದರೆ ಇಲ್ಲಿಯ ಓಣಿ ಕೊಡಲಾರದ ಕನ್ನಡವನ್ನು ಮನೆಯೂ ಕೊಡದಿದ್ದರೆ, ಅದು ಬೇರೆಲ್ಲಿಂದಲೂ ಬರುವುದಿಲ್ಲ. 2001ರ ಜನಗಣತಿಯಲ್ಲಿ ಮಹಾರಾಷ್ಟ್ರದ ಕನ್ನಡಿಗರು ಸುಮಾರು ಹನ್ನೆರಡೂವರೆ ಲಕ್ಷ. 2011ರಲ್ಲಿ ಸುಮಾರು ಹತ್ತು ಲಕ್ಷ. ಆ ಎರಡೂವರೆ ಲಕ್ಷದಲ್ಲಿ ಊರಿಗೆ ಮರಳಿದವರೆಷ್ಟು, ಮಾತು ಬಿಟ್ಟವರೆಷ್ಟು ಎಂಬುದನ್ನು ಅಂಕಿಗಳು ಹೇಳುವುದಿಲ್ಲ.

ನಮ್ಮ ಮನೆಯ ಕಥೆಗೆ ಮರಳುತ್ತೇನೆ. ಖರಾಡಿಯ ಬಾಲ್ಕನಿಗಳಿಗೆಲ್ಲ ಪಾರಿವಾಳಗಳ ಕಾಟವಿರುವುದನ್ನು ತಾವು ಬಲ್ಲಿರಿ. ಒಂದು ದಿನ ಕೂಸು ಗಾಜಿನ ಬಾಗಿಲಿಗೆ ಮುಖ ಹಚ್ಚಿ ಬೆರಳು ತೋರಿಸುತ್ತಿತ್ತು. ಹೆಂಡತಿಗೆ ತಡೆಯಲಾಗಲಿಲ್ಲ. "ಬಂತಾ? ಯಾರ್ ಬಂದಾರs ನಮ್ಮನೀಗೆ? ಪಾರಿವಾಳಪ್ಪ ಬಂದಾನ? ಅಯ್ಯs, ಹೋತ ನೋಡವಾ!" ಎಂದು ನಾಲ್ಕು ತಿಂಗಳ ಮೌನವನ್ನೆಲ್ಲ ಒಮ್ಮೆಲೇ ಸುರಿದಳು. ಕೂಸು ಹೊರಳಿ ನೋಡಿತು. ಮರುದಿನವೂ ಅದೇ ಆಟ, ಅದರ ಮರುದಿನವೂ ಅದೇ. ವಾರ ಕಳೆದ ಮೇಲೆ ಒಂದು ಮುಂಜಾನೆ ಕೂಸು ಅಜ್ಜಿಯ ಸೀರೆ ಹಿಡಿದು ಜಗ್ಗಿ, "ಕಬೂತರ ಹೋತು" ಎಂದಿತು. ಹೆಸರು ತಾಯಿಯದು, ಕ್ರಿಯಾಪದ ಅಜ್ಜಿಯದು. ಕುಪವಾಡವೇ ನಮ್ಮ ಬಾಲ್ಕನಿಗೆ ಬಂದಂತಾಯಿತು! ಸಂಜೆ ತಾಯಿ ಬಂದೊಡನೆ ಅವಳಿಗೆ ಅದೇ ಸುದ್ದಿಯನ್ನು "ಕಬೂತರ ಗೇಲಂ" ಎಂದು ಮರಾಠಿಯಲ್ಲಿ ಮುಟ್ಟಿಸಿತು. ಗೊಂದಲ ಇದ್ದದ್ದು ನಮ್ಮಲ್ಲಿ, ಅವಳಲ್ಲಲ್ಲ.

ಆ ಮಾತು ಹೇಗಾದರೂ ಬರುವುದಿತ್ತೋ, ಅಜ್ಜಿ ಬಾಯಿ ಬಿಟ್ಟಿದ್ದರಿಂದ ಬಂತೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ನಗಬಲ್ಲರೋ ಅದರಲ್ಲಿಯೇ ಕೂಸಿನೊಡನೆ ಮಾತನಾಡುತ್ತಾರೆ.

ಇಷ್ಟು ಹೇಳಿದ ಮೇಲೆ ಸಂಘದ ವಿಷಯಕ್ಕೆ ಬರಬೇಕು; ಸ್ವಲ್ಪ ಕಟುವಾದರೆ ಕ್ಷಮಿಸಬೇಕು. ನವೆಂಬರ್ ಬಂದಿತೆಂದರೆ ನಾವು ಮಕ್ಕಳಿಗೆ ಹಾಡು ಬಾಯಿಪಾಠ ಮಾಡಿಸಿ ವೇದಿಕೆಗೆ ಹತ್ತಿಸುತ್ತೇವೆ. ಹಾಡಿ ಇಳಿದ ಕೂಸು ತಾಯಿಯ ಬಳಿ ಬಂದು ನೀರು ಕೇಳುವುದು ಯಾವ ಭಾಷೆಯಲ್ಲಿ ಎಂದು ಯಾರೂ ಕಿವಿಗೊಡುವುದಿಲ್ಲ. ಊರಿನ ಅಜ್ಜಿಗೆ ವಿಡಿಯೋ ಕರೆ ಮಾಡಿದಾಗಲೂ ಅಷ್ಟೇ: "ಅಜ್ಜಿಗೆ ಪದ್ಯ ಹೇಳು, ನಮಸ್ಕಾರ ಮಾಡು, ಟಾಟಾ ಮಾಡು." ಪ್ರದರ್ಶನ ಮುಗಿಯಿತು, ಕರೆ ಕಟ್ಟಾಯಿತು. ಪರದೆಯೆಲ್ಲವೂ ವ್ಯರ್ಥವಲ್ಲ. ಸಾರಾ ರೋಸ್‌ಬೆರಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದಂತೆ, ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮುದ್ರಿತ ವಿಡಿಯೋದಿಂದ ಹೊಸ ಕ್ರಿಯಾಪದಗಳನ್ನು ಕಲಿಯಲಿಲ್ಲ; ತಮ್ಮ ಮಾತಿಗೆ ಆಗಿಂದಾಗಲೇ ಉತ್ತರಿಸುವ ನೇರ ವಿಡಿಯೋ ಕರೆಯಿಂದ, ಎದುರು ಕುಳಿತವರಿಂದ ಕಲಿತಂತೆಯೇ ಕಲಿತರು. ಆದುದರಿಂದ ಅಜ್ಜಿ ಅಲ್ಲಿ ಶೇಂಗಾ ಸುಲಿಯುತ್ತ, ಕೂಸು ಇಲ್ಲಿ ಗೊಂಬೆ ಮಲಗಿಸುತ್ತ, "ಏನ್ ಮಾಡಾಕತ್ತೀ?" "ಗೊಂಬಿಗೆ ತಾಚಿ" ಎಂದು ಅರ್ಧ ಗಂಟೆ ಹರಟೆ ನಡೆಯಲಿ. ಕೂಸು ಕೇಳಿದ ಶಬ್ದಗಳ ಎಣಿಕೆಗಿಂತ, ಮಾತು ಎಷ್ಟು ಸಲ ಆಚೆ-ಈಚೆ ಹೋಗಿ ಬಂತೆಂಬುದಕ್ಕೇ ಮಿದುಳಿನ ಭಾಷಾಕೇಂದ್ರದ ಚಟುವಟಿಕೆಯೊಡನೆ ಹೆಚ್ಚಿನ ಸಂಬಂಧವೆಂದು ರೇಚೆಲ್ ರೋಮಿಯೋ ಅವರ 2018ರ ಅಧ್ಯಯನವೂ ಹೇಳಿದೆ. ಅದು ಮೂವತ್ತಾರು ಮಕ್ಕಳ ಸಣ್ಣ ಅಧ್ಯಯನ, ನಿಜ. ಆದರೆ ಮನೆಯ ಹಣಕಾಸಿನ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಸಂಬಂಧ ಉಳಿಯಿತು.

ಹಣಕಾಸಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಖರಾಡಿಯಲ್ಲಿ ಅತ್ಯಂತ ಸೊಗಸಾದ ಕನ್ನಡವಾಡುವ ಮಕ್ಕಳನ್ನು ನಾನು ಕಂಡದ್ದು ಈ ಸಭಾಂಗಣದಲ್ಲಲ್ಲ. ನಮ್ಮ ಸೊಸೈಟಿಯ ಎದುರು ಕಟ್ಟಡದ ಕೆಲಸ ನಡೆದಿದೆ. ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯ ಕುಟುಂಬಗಳಿವೆ. ಏಳು ವರ್ಷದ ಹುಡುಗಿ ತಮ್ಮನನ್ನು ಟೊಂಕದ ಮೇಲೆ ಹೊತ್ತುಕೊಂಡು ದಿನವಿಡೀ ಅವನೊಡನೆ ಮಾತನಾಡುತ್ತಾಳೆ: ಉಸುಕಿನ ಬಗ್ಗೆ, ಲಾರಿಯ ಬಗ್ಗೆ, ಅವ್ವ ಯಾವಾಗ ಬರುತ್ತಾಳೆಂಬುದರ ಬಗ್ಗೆ. ಅವನು ತೊದಲಿದ್ದಕ್ಕೆಲ್ಲ ಅವಳ ಉತ್ತರವುಂಟು. ಇದನ್ನು ನೋಡಿ ಬಡತನವೇ ಚಂದವೆಂದು ಹೇಳುವಷ್ಟು ಮೂಢ ನಾನಲ್ಲ. ಆ ಹುಡುಗಿ ಶಾಲೆಯಲ್ಲಿರಬೇಕಾಗಿತ್ತು. ಸಂವಿಧಾನದ 350ಎ ವಿಧಿ 1956ರಲ್ಲಿ ಸೇರ್ಪಡೆಯಾಗಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಿರುವಲ್ಲೆಲ್ಲ, ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಲಿ ಎನ್ನುತ್ತದೆ. ಒಂದು ಸ್ಲ್ಯಾಬು ಮುಗಿದೊಡನೆ ಇನ್ನೊಂದು ಸೈಟಿಗೆ ಹೊರಡುವ ಕೂಸಿನ ಬಳಿಗೆ ಈ ವಿಧಿಯೂ ನೀತಿಯೂ ಬಂದುದನ್ನು ನಾನು ಕಂಡಿಲ್ಲ. 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯ ಕಟ್ಟಡದ ಸೈಟಿನಲ್ಲಿ ಡೇರೆ ಹಾಕಿ ಆರಂಭಿಸಿದ ಮೊಬೈಲ್ ಕ್ರೆಷ್ ಮಾದರಿಯ ಕೆಲಸ ಪುಣೆಯಲ್ಲಿಯೂ ನಡೆದುಬಂದಿದೆ. ಹೊರಗಿನವರಿಗೆ ತೋಚಿದ್ದು ಅದೇ ಭಾಷೆಯ ನಮಗೇಕೆ ತೋಚಲಿಲ್ಲ?

ನಮ್ಮ ಮಕ್ಕಳಿಗೆ ಪುಸ್ತಕಗಳಿವೆ, ಆಟಿಕೆಗಳಿವೆ. ಕನ್ನಡದಲ್ಲಿ ಜಗಳವಾಡಲು ಜೊತೆಯಿಲ್ಲ. ಆ ಮಕ್ಕಳಿಗೆ ಕನ್ನಡವಿದೆ, ಓದಿ ಹೇಳುವವರಿಲ್ಲ. ನಡುವೆ ಇರುವುದು ನಲವತ್ತು ಅಡಿಯ ರಸ್ತೆ ಮತ್ತು ಒಂದು ಗೇಟು. ಹೋದ ತಿಂಗಳು ಆ ಅಕ್ಕ-ತಮ್ಮಂದಿರನ್ನು ನಾನು ನಮ್ಮ ಉದ್ಯಾನಕ್ಕೆ ಕರೆತರಲು ಹೋದಾಗ ಗೇಟಿನ ಕಾವಲುಗಾರ ಬಿಡಲಿಲ್ಲ. ಅವನ ತಪ್ಪೇನಿಲ್ಲ, ಅದು ನಮ್ಮದೇ ಸೊಸೈಟಿಯ ನಿಯಮ. ಅದನ್ನು ಒಪ್ಪಿದ ಸಭೆಯಲ್ಲಿ ಇಲ್ಲಿರುವ ಕೆಲವರೂ ಕೈ ಎತ್ತಿದ್ದರು, ನನ್ನ ಮಗನೂ ಎತ್ತಿದ್ದ.

ನಿಯಮ ಬದಲಾಗಲು ಸಮಯ ಬೇಕಾದೀತು. ಅಲ್ಲಿಯವರೆಗೆ ಗೇಟಿನ ಹೊರಗಿರುವ ಬೇವಿನ ಮರದ ಕೆಳಗೆ ಯಾರ ಅಪ್ಪಣೆಯೂ ಬೇಡ. ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಾನು ಎರಡು ಚಾಪೆ ತರುತ್ತೇನೆ. ನನ್ನ ಹೆಂಡತಿ ಒಂದು ಬುಟ್ಟಿ ಶೇಂಗಾ ತರುತ್ತಾಳೆ; ಸುಲಿಯಲು ಸಣ್ಣ ಕೈಗಳು ಬೇಕಂತೆ. ಶೆಡ್ಡಿನ ತಾಯಂದಿರ ಹತ್ತಿರ ಆಗಲೇ ಮಾತಾಡಿ ಬಂದಿದ್ದಾಳೆ. ಆರು ವರ್ಷದೊಳಗಿನ ಮಕ್ಕಳನ್ನು ಕರೆತನ್ನಿ. ಹಾಡು ಕಲಿಸಿ ತರುವುದು ಬೇಡ, ಹೊಸ ಬಟ್ಟೆಯೂ ಬೇಡ. ಊರಿಂದ ಬಂದ ತಂದೆ-ತಾಯಿ ನಿಮ್ಮ ಮನೆಗಳಲ್ಲಿ ಇದ್ದರೆ ಅವರನ್ನು ಅವಶ್ಯವಾಗಿ ಕಳಿಸಿಕೊಡಿ.